ಎಂ.ಎ. ಕ್ಲಾಸಲ್ಲಿ ಹುಡುಗಿಯರೇ ಜಾಸ್ತಿ, ಸ್ಟಾಫ್ ರೂಮಲ್ಲಿ ಯಾಕಿಲ್ಲ?

ಹೊಂಗೆನೆರಳು:
ನಾನು ಸಮಾಜಶಾಸ್ತ್ರ ಎಂ.ಎ. ಎರಡನೇ ವರ್ಷ. ಕ್ಲಾಸಲ್ಲಿ ಮುಕ್ಕಾಲು ಪಾಲು ಹುಡುಗಿಯರು. ಕಾಯಂ ಅಧ್ಯಾಪಕರಲ್ಲಿ ಮಾತ್ರ ಒಬ್ಬರೇ ಮೇಡಂ, ಉಳಿದ ಮೇಡಂಗಳೆಲ್ಲ ಗೆಸ್ಟ್, ಅಂದರೆ ತಾತ್ಕಾಲಿಕ ಅತಿಥಿ ಉಪನ್ಯಾಸಕಿಯರು. ಪಕ್ಕದ ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲೂ ಇದೇ ಕಥೆ. ಯಾಕೆ ಸರ್ ಅಂತ ಕೇಳಿದ್ದಕ್ಕೆ "ಹೆಣ್ಮಕ್ಕಳು ಮದುವೆ ಆಗಿ ಹೋಗ್ತಾರಮ್ಮ" ಅಂತ ನಕ್ಕರು. ಅಷ್ಟೇನಾ? ಪಿಎಚ್.ಡಿ.ಗೆ ಸೇರುವ ಆಸೆ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಗೆಸ್ಟ್ ಮೇಡಂ:
ಮದುವೆ ಆದವರು ಎಲ್ಲೂ ಹೋಗಿಲ್ಲಮ್ಮ, ಇಲ್ಲೇ ಗೆಸ್ಟ್ ಆಗಿ ಪಾಠ ಮಾಡುತ್ತಿದ್ದೇವೆ. ಪಿಎಚ್.ಡಿ. ಮುಗಿಯುವ ಹೊತ್ತಿಗೆ ಮೂವತ್ತು ದಾಟಿರುತ್ತದೆ, ಆಮೇಲೆ ವರ್ಷಗಟ್ಟಲೆ ನೇಮಕಾತಿಯೇ ಇಲ್ಲ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ವರ್ಕ್‌ಲೋಡ್‌ಗೆ (ಪಾಠದ ಅವಧಿಗಳ ಹಂಚಿಕೆಗೆ) ಕಾಯಬೇಕು. ಮಗು ಆಗುವುದೂ ಅದೇ ವಯಸ್ಸಲ್ಲಿ ಅಲ್ವಾ? ನಾನು ಹೆರಿಗೆಗೆ ಹೋಗಿ ಬಂದಾಗ ನಾನು ಪಾಠ ಮಾಡುತ್ತಿದ್ದ ಪೇಪರ್‌ಗಳನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಸಂಬಳ ಹೋಯಿತು, ಆ ವರ್ಷದ ಅನುಭವ ಪತ್ರವೂ ಹೋಯಿತು. ಪಿಎಚ್.ಡಿ. ವಿದ್ಯಾರ್ಥಿನಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 240 ದಿನದವರೆಗೆ ಹೆರಿಗೆ ರಜೆ ಕೊಡುತ್ತದೆ, ಡಾಕ್ಟರೇಟ್ ತಗೊಂಡು ಗೆಸ್ಟ್ ಆದ ನನಗೆ ಏನೂ ಸಿಗಲಿಲ್ಲ! 2000ರಲ್ಲೇ ಸುಪ್ರೀಂ ಕೋರ್ಟ್ ದೆಹಲಿ ಪಾಲಿಕೆಯ ದಿನಗೂಲಿ ಹೆಂಗಸರಿಗೆ ಹೆರಿಗೆ ಸೌಲಭ್ಯ ಕೊಡಿ ಅಂದಿದೆ. ಮೊದಲು ಇದನ್ನು ಕೇಳಬೇಕು.

ನಿವೃತ್ತ_ಮೇಷ್ಟ್ರು:
ಮೇಡಂ ಹೇಳಿದ್ದು ನಿಜ, ಆದರೆ ನೇಮಕಾತಿ ಆದಾಗಲೂ ಬಾಗಿಲು ಕಿರಿದೇ. ಯುಜಿಸಿಯ 2018ರ ನಿಯಮದಲ್ಲಿ ಪದವಿ, ಪಿಎಚ್.ಡಿ., ಲೇಖನ, ಅನುಭವ ಎಲ್ಲಕ್ಕೂ ಅಂಕ ಇದೆ. ಆದರೆ ಆ ಅಂಕ ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ. ಕೊನೆಗೆ ಆಯ್ಕೆ ಪೂರ್ತಿ ಸಂದರ್ಶನದ ಮೇಲೆ. ಸಮಿತಿಯಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು, ಮಹಿಳೆಯರು, ಅಂಗವಿಕಲರು, ಇಷ್ಟೂ ಜನರ ಪರವಾಗಿ ಒಬ್ಬ ಪ್ರತಿನಿಧಿ ಇದ್ದರೆ ಸಾಕು, ಹಾಗಾಗಿ ಹೆಂಗಸರೇ ಇಲ್ಲದ ಸಮಿತಿಯೂ ನಡೆಯುತ್ತದೆ. "ಯಜಮಾನ್ರು ಎಲ್ಲಿದ್ದಾರೆ, ನೀವಿಲ್ಲಿ ಬಂದು ಇರ್ತೀರಾ?" ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಗಂಡಸರಿಗೆ ಈ ಪ್ರಶ್ನೆ ಬರಲ್ಲ. ಡೆಮೊ ಪಾಠಕ್ಕೆ ಅಂಕ ಇಡಲಿ, ಒಬ್ಬೊಬ್ಬ ಸದಸ್ಯ ಕೊಟ್ಟ ಅಂಕವನ್ನು ವೆಬ್‌ಸೈಟಿಗೆ ಹಾಕಲಿ, ಅರ್ಧ ರೋಗ ವಾಸಿಯಾಗುತ್ತದೆ.

ನ್ಯಾಕ್ ಫೈಲ್:
ಕಾಯಂ ಆಗಿ ಒಳಗೆ ಬಂದಮೇಲಿನ ಕಥೆ ಕೇಳಿ. ನ್ಯಾಕ್ (ಕಾಲೇಜು, ವಿವಿಗಳಿಗೆ ಗ್ರೇಡ್ ಕೊಡುವ ಸಂಸ್ಥೆ) ಬಂದರೆ ಫೈಲ್ ಜೋಡಿಸುವುದು ನಾನು, ಅತಿಥಿಗಳು ಬಂದರೆ ಆರತಿ ತಟ್ಟೆ ಹಿಡಿಯುವುದೂ ನಾನೇ. ಬಿಒಇ (ಪರೀಕ್ಷಾ ಮಂಡಳಿ) ಸದಸ್ಯತ್ವ, ಬೇರೆ ವಿವಿಗಳ ವೈವಾ (ಮೌಖಿಕ ಪರೀಕ್ಷೆ) ಎಲ್ಲ ಸರ್‌ಗಳಿಗೆ. ಭತ್ಯೆ ಹೋಗಲಿ ಬಿಡಿ, ನಾಲ್ಕು ಜನರ ಪರಿಚಯ ಆಗುವುದು ಅಲ್ಲೇ, ನಾಳೆ ಸಂದರ್ಶನಕ್ಕೆ ಬಂದು ಕೂರುವವರೂ ಅವರೇ. ವಿಭಾಗದ ಸಭೆಯಲ್ಲಿ ಈ ಕೆಲಸಗಳನ್ನು ಸರದಿ ಪ್ರಕಾರ ಹಂಚಿ ಅಂತ ನಡಾವಳಿಯಲ್ಲಿ ಬರೆಸಿದೆ. ಒಬ್ಬರು ಸರ್ ಈಗ ಮಾತಾಡಿಸುತ್ತಿಲ್ಲ, ಆದರೆ ಈ ಸಲ ನ್ಯಾಕ್‌ನ ಎರಡನೇ ಕ್ರೈಟೀರಿಯಾದ ಫೈಲ್ ಅವರ ಟೇಬಲ್ ಮೇಲಿದೆ.

ಹೊಂಗೆನೆರಳು:
ಹಾಗಾದರೆ ಪಿಎಚ್.ಡಿ. ಬೇಡ ಅಂತೀರಾ?

ಗೆಸ್ಟ್ ಮೇಡಂ:
ಛೆ, ಸೇರಿ! ಆದರೆ ಮೊದಲು ನೆಟ್, ಕೆ-ಸೆಟ್ (ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳು) ಮುಗಿಸಿ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ. ಜೆಆರ್‌ಎಫ್‌ಗೆ (ಸಂಶೋಧನೆಗೆ ಕೊಡುವ ಫೆಲೋಶಿಪ್) ಹೆಣ್ಣುಮಕ್ಕಳಿಗೆ ವಯಸ್ಸಲ್ಲಿ 5 ವರ್ಷ ಸಡಿಲಿಕೆ ಇದೆ, ಬಿಡಬೇಡಿ. ಯಾರನ್ನಾದರೂ ಪಿಎಚ್.ಡಿ. ಗೈಡ್ ಆಗಿ ಒಪ್ಪಿಕೊಳ್ಳುವ ಮೊದಲು ಅವರ ಹತ್ತಿರ ಅರ್ಧಕ್ಕೆ ಬಿಟ್ಟ ಹುಡುಗಿಯರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ, ಸಿಕ್ಕರೆ ಫೋನ್ ಮಾಡಿ ಮಾತಾಡಿ.