ಬಿದ್ದವನಿಗೆ ಪೆನಾಲ್ಟಿ, ಬೀಳದೆ ಓಡಿದವನಿಗೆ ಏನು?

ವಾಸ್ಕೊದ ಸೋದರಮಾವ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ಇಪ್ಪತ್ತೆರಡು ವರ್ಷಗಳಿಂದ ವಾಸ್ಕೊದಲ್ಲಿದ್ದೇನೆ. ಬಂದ ಹೊಸದರಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧವೂ ಇರಲಿಲ್ಲ. ಈಗ ಫತೋರ್ಡಾದಲ್ಲಿ ಎಫ್‌ಸಿ ಗೋವಾ ತಂಡದ ಫುಟ್‌ಬಾಲ್ ಪಂದ್ಯವಿದ್ದ ಸಂಜೆ ಮನೆಯವರು ನನಗೆ ಬೇರೆ ಕೆಲಸ ಹೇಳುವುದಿಲ್ಲ.

ತಂಗಿಯ ಮಗನಿಗೆ ಹದಿಮೂರು ವರ್ಷ. ಇಲ್ಲಿಯ ಹುಡುಗರ ತಂಡದಲ್ಲಿ ಬಲಬದಿಯ ವಿಂಗ್‌ನಲ್ಲಿ ಆಡುತ್ತಾನೆ. ಕಳೆದ ಭಾನುವಾರದ ಪಂದ್ಯದಲ್ಲಿ ಪೆನಾಲ್ಟಿ ಬಾಕ್ಸ್‌ನೊಳಗೆ (ಗೋಲಿನ ಮುಂದಿನ ಈ ಚೌಕದಲ್ಲಿ ರಕ್ಷಕ ತಪ್ಪು ಮಾಡಿದರೆ ಸಿಗುವ, ಗೋಲ್‌ಕೀಪರ್ ಒಬ್ಬನೇ ತಡೆಯುವ ಒದೆತವೇ ಪೆನಾಲ್ಟಿ) ಎದುರಾಳಿ ಅವನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದರೂ ಇವನು ಮುಗ್ಗರಿಸುತ್ತಲೇ ಓಡಿ ಚೆಂಡನ್ನು ಒದ್ದ. ಒದೆತದಲ್ಲಿ ಬಲವಿರಲಿಲ್ಲ, ಗೋಲಿ ಸಲೀಸಾಗಿ ಹಿಡಿದುಕೊಂಡ. ಹತ್ತು ನಿಮಿಷಗಳ ನಂತರ ಇನ್ನೊಂದು ತುದಿಯಲ್ಲಿ ಯಾರೂ ಮುಟ್ಟದ ಹುಡುಗನೊಬ್ಬ ಅಂಗಾತ ಬಿದ್ದು ಮೊಣಕಾಲು ಹಿಡಿದುಕೊಂಡು ಹೊರಳಾಡಿದ. ರೆಫರಿ ಪೆನಾಲ್ಟಿ ಕೊಟ್ಟರು, ನಾವು ಒಂದು ಗೋಲಿನಿಂದ ಸೋತೆವು. ಆಟ ಮುಗಿದ ಮೇಲೆ ಕೋಚ್ ಇವನ ಹೆಗಲ ಮೇಲೆ ಕೈಯಿಟ್ಟು, “ನೀನೂ ಬೀಳಬೇಕಿತ್ತು” ಎಂದರು. ಸ್ಕೂಟರ್ ಮೇಲೆ ಮನೆಗೆ ಬರುವಾಗ ಹುಡುಗ ಕೇಳಿದ: “ಮಾಮಾ, ನಾನು ಬಿದ್ದಿದ್ದರೆ ಅದು ಮೋಸ ಆಗುತ್ತಿತ್ತಾ? ಅವನು ಅಂಗಿ ಹಿಡಿದದ್ದಂತೂ ನಿಜ ಅಲ್ಲವಾ?” ನನ್ನ ಬಳಿ ಉತ್ತರವಿರಲಿಲ್ಲ. ಅಂಗಿಯ ಪಕ್ಕೆಯ ಹೊಲಿಗೆ ನಾಲ್ಕು ಬೆರಳಿನಷ್ಟು ಬಿಚ್ಚಿಕೊಂಡಿತ್ತು. ರೆಫರಿ ನೋಡದ ಆ ಸಾಕ್ಷಿಯನ್ನು ತಂಗಿ ಅಂದು ರಾತ್ರಿ ಹೊಲಿದುಬಿಟ್ಟಳು.

1986ರಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಿಂದ ಗೋಲು ಹೊಡೆದರು. 2009ರಲ್ಲಿ ಫ್ರಾನ್ಸ್‌ನ ಥಿಯೆರಿ ಆನ್ರಿ ಕೈಯಿಂದ ಚೆಂಡನ್ನು ತಡೆದು ಕೊಟ್ಟ ಪಾಸ್‌ನಿಂದ ಬಂದ ಗೋಲು ಐರ್ಲೆಂಡನ್ನು ವಿಶ್ವಕಪ್‌ನಿಂದ ಹೊರಗಿಟ್ಟಿತು. ಇಷ್ಟು ಹಣ ಹರಿಯುವ ವೃತ್ತಿಪರ ಆಟದಲ್ಲೇ ಹೀಗಾದರೆ, ರಿಪೇರಿಯನ್ನು ಎಲ್ಲಿಂದ ಆರಂಭಿಸಬೇಕು? ಆಟಗಾರನ ಶಿಕ್ಷೆಯಿಂದಲೋ, ರೆಫರಿಯ ತರಬೇತಿಯಿಂದಲೋ, ನಿಯಮದಿಂದಲೋ?

ಹಳೆಯ ಸೀಟಿ, ಮಡಗಾಂವ್:

ಹದಿನಾರು ವರ್ಷ ಸ್ಥಳೀಯ ಪಂದ್ಯಗಳಲ್ಲಿ ಸೀಟಿ ಊದಿ, ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟವನು ನಾನು. ಆದ್ದರಿಂದ ಮೊದಲು ನಮ್ಮವರ ತಪ್ಪನ್ನೇ ಹೇಳುತ್ತೇನೆ.

ಎದುರಾಳಿಯನ್ನು ಹಿಡಿದೆಳೆಯುವುದು ನಿಯಮದ ಪ್ರಕಾರ ಅಪರಾಧ. ಹಿಡಿಸಿಕೊಂಡವನು ಬೀಳಲೇಬೇಕೆಂದು ಎಲ್ಲಿಯೂ ಬರೆದಿಲ್ಲ. ಹಿಡಿಸಿಕೊಂಡವನ ತಂಡದ ಅನುಕೂಲ ನೋಡಿ ಆಟ ಮುಂದುವರಿಸಿದ ರೆಫರಿ, ಆ ಅನುಕೂಲ ಕೆಲವು ಸೆಕೆಂಡುಗಳೊಳಗೆ ಫಲಿಸದಿದ್ದರೆ ಹಿಂದಿರುಗಿ ಮೊದಲ ತಪ್ಪಿಗೇ ಸೀಟಿ ಊದಬಹುದು. ಆದರೆ ನಾವು ಮಾಡುತ್ತಿದ್ದುದೇನೆಂದರೆ, ಬಿದ್ದರೆ ತಪ್ಪು, ನಿಂತರೆ ಏನೂ ಆಗಿಲ್ಲ ಎಂಬ ಲೆಕ್ಕ. ಅನುಮಾನವಿದ್ದಾಗ ಬೀಳುವಿಕೆಯೇ ನಮ್ಮ ಸಾಕ್ಷಿಯಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ನಿಂತವನಿಗೆ ದಂಡ ಹಾಕಿ, ಬಿದ್ದವನಿಗೆ ಬಹುಮಾನ ಕೊಟ್ಟು, ಆಮೇಲೆ “ಆಟಗಾರರು ನಾಟಕ ಕಲಿತಿದ್ದಾರೆ” ಎಂದು ದೂರುವುದು ನಮಗೆ ಒಪ್ಪುವುದಿಲ್ಲ. ನಿಮ್ಮ ಅಳಿಯನ ಕೋಚ್ ಕಲಿತದ್ದು ನಮ್ಮ ಸೀಟಿಯಿಂದಲೇ.

ಇನ್ನೊಂದು ಸಂಗತಿ ಗ್ಯಾಲರಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ. ರೆಫರಿ ಮೈದಾನದಲ್ಲಿ ಕರ್ಣರೇಖೆಯ ಉದ್ದಕ್ಕೆ ಓಡುತ್ತಾನೆ; ಉಳಿದ ಎರಡು ಮೂಲೆಗಳನ್ನು ಬದಿಗೆರೆಯಲ್ಲಿ ಬಾವುಟ ಹಿಡಿದ ಇಬ್ಬರು ಲೈನ್ಸ್‌ಮನ್‌ಗಳು ಕಾಯುತ್ತಾರೆ. ಈ ಏರ್ಪಾಡು ನಿಂತಿರುವುದು ಮೂರು ಜೊತೆ ಕಣ್ಣುಗಳ ಮೇಲೆ. ಹುಡುಗರ ಪಂದ್ಯಗಳಲ್ಲಿ ಎಷ್ಟೋ ಸಲ ಬಾವುಟ ಹಿಡಿದು ನಿಲ್ಲುವವರು ಆಯಾ ತಂಡದ ಬದಲಿ ಆಟಗಾರರೇ ಆಗಿರುತ್ತಾರೆ. ಚೆಂಡಿನ ಹಿಂದೆ ಓಡುವ ಒಬ್ಬನಿಗೆ ಎದುರಿನಿಂದ ಬೆನ್ನ ಹಿಂದಿನ ಕೈ ಕಾಣುವುದು ಹೇಗೆ? ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಇಬ್ಬರ ನಡುವಿನ ಸಂದು ಕಾಣುವಂತೆ ನಿಲ್ಲುವುದೇ ಈ ವಿದ್ಯೆಯ ಅರ್ಧಭಾಗ, ಅದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ.

ನನ್ನ ಮೇಲೆ ಒಮ್ಮೆ ಗುಂಪು ನುಗ್ಗಿ, ಮೈದಾನದ ಹಿಂಬಾಗಿಲಿನಿಂದ ಹೊರಬಿದ್ದಿದ್ದೆ. ಆ ದಿನದ ಭತ್ಯೆಯಲ್ಲಿ ಬಸ್ಸಿನ ಖರ್ಚು ಕಳೆದರೆ ಚಹಾಕ್ಕೆ ಉಳಿಯುತ್ತಿತ್ತು. ಅಂದು ನನ್ನ ಜೊತೆ ಬಾವುಟ ಹಿಡಿದಿದ್ದ ಹುಡುಗ ಮತ್ತೆ ಬರಲೇ ಇಲ್ಲ.

ಪಿಂಪ್ರಿ ಎಂಜಿನಿಯರ್, ಪುಣೆ:

ಸೀಟಿಯವರ ಮಾತು ಒಪ್ಪುತ್ತೇನೆ, ಆದರೆ ಮೇಲಿನ ಸ್ತರದಲ್ಲಿ ಕಣ್ಣುಗಳ ಕೊರತೆಯಿಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿದ್ದನ್ನು ಇಡೀ ಜಗತ್ತು ಟಿವಿಯಲ್ಲಿ ಕಂಡಿತು, ರೆಫರಿಗೆ ಮಾತ್ರ ಕಾಣಲಿಲ್ಲ. 2012ರಲ್ಲಿ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. 2018ರ ವಿಶ್ವಕಪ್‌ಗೆ ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಬಂತು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್ ಮತ್ತು ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟ ಪ್ರಸಂಗ, ಆಗ ಈ ನಾಲ್ಕಕ್ಕೆ ಮಾತ್ರ ಅದರ ಅಧಿಕಾರವಿತ್ತು. ಗೆರೆ ದಾಟಿತೇ ಇಲ್ಲವೇ ಎಂಬುದಕ್ಕೆ ಯಂತ್ರ ಉತ್ತರಿಸುತ್ತದೆ. ಬಿದ್ದವನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಉತ್ತರಿಸುವುದಿಲ್ಲ. ಅದೂ ಸಾಲದೆಂಬಂತೆ, 30 ಸೆಪ್ಟೆಂಬರ್ 2023ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ನ್ಯಾಯವಾದ ಗೋಲು ಹೋದದ್ದು ಕ್ಯಾಮೆರಾದ ದೋಷದಿಂದಲ್ಲ. ಮೈದಾನದಲ್ಲಿ ಆಫ್‌ಸೈಡ್ (ರಕ್ಷಕರನ್ನು ದಾಟಿ ಮೊದಲೇ ಮುಂದೆ ನಿಂತ ತಪ್ಪು) ಎಂದು ಗೋಲು ನಿರಾಕರಿಸಿದ್ದರೂ ಗೋಲು ಕೊಟ್ಟಿದ್ದಾರೆಂದು ಭಾವಿಸಿದ ವಿಎಆರ್ ಅಧಿಕಾರಿ “ಪರಿಶೀಲನೆ ಮುಗಿಯಿತು” ಎಂದುಬಿಟ್ಟರು, ಆಟ ಮತ್ತೆ ಆರಂಭವಾಯಿತು. ಮಾತಿನ ಶಿಸ್ತಿಲ್ಲದ ಕಡೆ ಎಷ್ಟು ಪರದೆ ಇಟ್ಟರೂ ಅಷ್ಟೇ.

ನಮ್ಮಲ್ಲಿಯೂ 3 ಮಾರ್ಚ್ 2023ರಂದು ಕಂಠೀರವದಲ್ಲಿ ನಡೆದದ್ದು ನೆನಪಿರಬಹುದು. ಕೇರಳ ಬ್ಲಾಸ್ಟರ್ಸ್ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) ಹೊಡೆದು ಗೋಲು ಗಳಿಸಿದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ. ನಾನು ಬೆಂಗಳೂರಿನ ಅಭಿಮಾನಿ, ಗೋಲು ನ್ಯಾಯವಾದದ್ದೆಂದೇ ನಂಬಿದ್ದೇನೆ. ಆದರೂ ತೀರ್ಪಿನ ಕಾರಣವನ್ನು ರೆಫರಿ ಅಲ್ಲೇ ಮೈಕಿನಲ್ಲಿ ಹೇಳುವಂತಿದ್ದರೆ ಜಗಳ ಅಷ್ಟು ದೂರ ಹೋಗುತ್ತಿರಲಿಲ್ಲ ಎನಿಸುತ್ತದೆ. ಅದೇ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ವಿಎಆರ್ ಪರಿಶೀಲನೆಯ ನಂತರದ ತೀರ್ಪನ್ನು ರೆಫರಿಗಳು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಹೇಳಿದರು.

ನಾಟಕಕ್ಕೆ ಮದ್ದು ಪಂದ್ಯದ ನಂತರದ ಶಿಕ್ಷೆ. ಇಂಗ್ಲೆಂಡ್‌ನಲ್ಲಿ 2017ರಿಂದ, ನಟಿಸಿ ಪೆನಾಲ್ಟಿ ಗಿಟ್ಟಿಸಿದವನನ್ನು ಅಥವಾ ಎದುರಾಳಿಯನ್ನು ಹೊರಹಾಕಿಸಿದವನನ್ನು, ಮೂವರ ಸಮಿತಿ ವಿಡಿಯೊ ನೋಡಿ ಒಮ್ಮತದಿಂದ ಒಪ್ಪಿದರೆ, ಎರಡು ಪಂದ್ಯಗಳಿಂದ ಹೊರಗಿಡುವ ಪದ್ಧತಿ ಬಂತು.

ಮಾಟುಂಗಾದ ಓದುಗ:

ಎರಡು ಪಂದ್ಯಗಳ ಭಯಕ್ಕೆ ಯಾರು ನಿಲ್ಲುತ್ತಾರೆ, ಸ್ವಾಮಿ? 1989ರಲ್ಲಿ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಚಿಲಿಯ ಗೋಲ್‌ಕೀಪರ್ ರೊಬೆರ್ಟೊ ರೋಹಾಸ್, ಗ್ಯಾಲರಿಯಿಂದ ಬಂದ ಉರಿಯುವ ಪಟಾಕಿ ತಗುಲಿತೆಂದು ನಟಿಸಿ, ಕೈಗವಸಿನಲ್ಲಿ ಅಡಗಿಸಿಟ್ಟಿದ್ದ ಬ್ಲೇಡಿನಿಂದ ತನ್ನ ಮುಖವನ್ನೇ ಕೊಯ್ದುಕೊಂಡ. ಸೋಲುತ್ತಿದ್ದ ತಂಡ ಪಂದ್ಯ ಬಿಟ್ಟು ಹೊರನಡೆಯಿತು. ಪಟಾಕಿ ಅವನಿಂದ ದೂರ ಬಿದ್ದದ್ದು ಛಾಯಾಚಿತ್ರಗಳಿಂದ ಬಯಲಾಯಿತು. ಅವನಿಗೆ ಆಜೀವ ನಿಷೇಧ (2001ರಲ್ಲಿ ತೆರವಾಯಿತು), ಚಿಲಿಗೆ 1994ರ ವಿಶ್ವಕಪ್‌ನಿಂದ ನಿಷೇಧ. ಇಷ್ಟು ದೊಡ್ಡ ಶಿಕ್ಷೆಯ ನಂತರವೂ, 2002ರಲ್ಲಿ ತೊಡೆಗೆ ಬಡಿದ ಚೆಂಡಿಗೆ ಮುಖ ಹಿಡಿದುಕೊಂಡು ಬೀಳಲು ಬ್ರೆಜಿಲ್‌ನ ರಿವಾಲ್ಡೊ ಹಿಂಜರಿಯಲಿಲ್ಲ.

ಶಿಕ್ಷೆ ದೊಡ್ಡದಾದಷ್ಟೂ ಅದನ್ನು ವಿಧಿಸಲು ಕೈ ನಡುಗುತ್ತದೆ. ಗೋಲ್‌ಕೀಪರ್ ಚೆಂಡನ್ನು ಆರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಗೋಲಿನೆದುರೇ ಪರೋಕ್ಷ ಫ್ರೀ ಕಿಕ್ ಎಂಬ ನಿಯಮ ಬಹುಕಾಲ ಪುಸ್ತಕದಲ್ಲಿತ್ತು, ಊದಿದವರು ಅಪರೂಪ. 2025ರಲ್ಲಿ ಅದನ್ನು ಎಂಟು ಸೆಕೆಂಡಿಗೆ ಏರಿಸಿ, ಶಿಕ್ಷೆಯನ್ನು ಕಾರ್ನರ್‌ಗೆ (ಮೈದಾನದ ಮೂಲೆಯಿಂದ ಹೊಡೆಯುವ ಒದೆತಕ್ಕೆ) ಇಳಿಸಿ, ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈಯೆತ್ತಿ ಎಣಿಸಬೇಕೆಂದರು. ಶಿಕ್ಷೆ ಚಿಕ್ಕದಾದದ್ದರಿಂದಲೇ ಅದು ಬಳಕೆಗೆ ಬರುವಂತಾಯಿತು. ಅಮೆರಿಕದ ಲೀಗ್‌ನಲ್ಲಿ ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ನೆಲದಲ್ಲಿ ಮಲಗಿ ಉಪಚಾರ ಪಡೆದವನು ಎರಡು ನಿಮಿಷ ಹೊರಗಿರಬೇಕು. ತಲೆಗೆ ಪೆಟ್ಟಾದಂಥ ಪ್ರಸಂಗಗಳಿಗೆ ವಿನಾಯಿತಿಯುಂಟು. ಹೊರಳಾಡುವುದು ನಷ್ಟದ ವ್ಯಾಪಾರವಾದಾಗ ಉಪದೇಶದ ಅಗತ್ಯ ಕಡಿಮೆ.

ಹಳೆಯ ಸೀಟಿ, ಮಡಗಾಂವ್:

ಮಾಟುಂಗಾದವರ ಮಾತಿಗೆ ನಮ್ಮ ಗೋವಾದ್ದೇ ಒಂದು ಅಪವಾದ ಸೇರಿಸುತ್ತೇನೆ. 2004ರಲ್ಲಿ ಇಲ್ಲಿಯ ಎರಡನೇ ಡಿವಿಜನ್‌ನಲ್ಲಿ ಬಡ್ತಿಗಾಗಿ ಗೋಲುಗಳ ಅಂತರ ಲೆಕ್ಕಕ್ಕೆ ಬಂದಾಗ, ಏಕಕಾಲಕ್ಕೆ ನಡೆದ ಎರಡು ಪಂದ್ಯಗಳು 55-1 ಮತ್ತು 61-1ರಲ್ಲಿ ಮುಗಿದವು. ಅಂಥ ಕಡೆ ರೆಫರಿ ಏನು ಊದಬೇಕು? ಒಂದೊಂದು ಗೋಲೂ ನಿಯಮಬದ್ಧ. ನಾಲ್ಕೂ ಕ್ಲಬ್ಬುಗಳನ್ನು ಅಮಾನತು ಮಾಡಿದ್ದು ಗೋವಾದ ಫುಟ್‌ಬಾಲ್ ಸಂಸ್ಥೆ; ಆ ಕೆಲಸವನ್ನು ಸೀಟಿಯಿಂದ ನಿರೀಕ್ಷಿಸಬಾರದು.

ವಾಸ್ಕೊದ ಸೋದರಮಾವ:

ಎಲ್ಲರಿಗೂ ಧನ್ಯವಾದ. ಬೀಳದೆಯೂ ಫೌಲ್ ಸಿಗಬೇಕಿತ್ತು ಎಂದು ಸೀಟಿಯವರು ಬರೆದದ್ದನ್ನು ಹುಡುಗನಿಗೆ ಓದಿ ಹೇಳಿದೆ. “ಹಾಗಾದರೆ ಅದನ್ನು ಅವತ್ತಿನ ರೆಫರಿಗೆ ಯಾರು ಹೇಳುತ್ತಾರೆ?” ಎಂದ. ಕೋಚ್ ಜೊತೆ ಮಾತನಾಡಿದ್ದೇನೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ಪಂದ್ಯಕ್ಕೆ ಬಾವುಟ ಹಿಡಿಯಲು ಎರಡೂ ತಂಡಗಳಿಗೆ ಸೇರದ ಇಬ್ಬರು ಬೇಕೆಂದು ಸಂಘಟಕರನ್ನು ಕೇಳಿದಾಗ, “ನೀವೇ ಬನ್ನಿ” ಎಂದರು. ಅಳಿಯ ಆಡುವ ಪಂದ್ಯಕ್ಕೆ ನಾನು ಸಲ್ಲ, ಆದರೆ ಬೆಳಗಿನ ಇನ್ನೊಂದು ಪಂದ್ಯಕ್ಕೆ ಒಪ್ಪಿಕೊಂಡೆ. ನಲವತ್ತೇಳರ ವಯಸ್ಸಿನಲ್ಲಿ ಇದು ಸಾಧ್ಯವೇ, ಸೀಟಿಯವರೇ?

ಹಳೆಯ ಸೀಟಿ, ಮಡಗಾಂವ್:

ಧಾರಾಳವಾಗಿ ಸಾಧ್ಯ. ಭಾನುವಾರ ಏಳು ಗಂಟೆಗೆ ಮೈದಾನಕ್ಕೆ ಬನ್ನಿ, ಬಾವುಟ ನನ್ನ ಬಳಿ ಇವೆ. ಕೊನೆಯಿಂದ ಎರಡನೇ ರಕ್ಷಕನ ಸಮಕ್ಕೆ ನಿಲ್ಲುವುದನ್ನು ಅರ್ಧ ಗಂಟೆ ಅಭ್ಯಾಸ ಮಾಡಿಸುತ್ತೇನೆ. ಅಡ್ಡಡ್ಡ ಓಡಲು ಕಲಿಯಬೇಕು, ಚಪ್ಪಲಿ ಬೇಡ.