ಪದಚರ್ಚೆ: ಕಂಪೈಲ್, ಲಿಂಕ್, ಬಿಲ್ಡ್, ಇನ್‌ಸ್ಟಾಲ್ – ನಾಲ್ಕಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ.

ಎಂಎಸ್ಸಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಂಪ್ಸ್ ಎಂಬ ತಂತ್ರಾಂಶವನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಮೂಲ ಕೋಡ್‌ನಿಂದಲೇ ತಯಾರು ಮಾಡಿಕೊಳ್ಳುವುದು ಹೇಗೆ ಅನ್ನುವುದು ಅದರ ವಿಷಯ. ಪರಮಾಣುಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಅಂತ ಲೆಕ್ಕ ಹಾಕಿ, ಅವು ಹೇಗೆ ಚಲಿಸುತ್ತವೆ ಅಂತ ಲ್ಯಾಂಪ್ಸ್ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದದ್ದು. ಈಗ ಎಲ್ಲರೂ ಬಳಸುವ, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ರೂಪ 2004ರಲ್ಲಿ ಮುಕ್ತವಾಗಿ ಹೊರಬಂತು.

ನನ್ನ ತೊಡಕು ಇದು. ಏನೇ ಕೆಟ್ಟರೂ ವಿದ್ಯಾರ್ಥಿಗಳು ಹೇಳುವುದು ಒಂದೇ ಮಾತು: ‘ಸರ್, ಇನ್‌ಸ್ಟಾಲ್ ಆಗ್ತಿಲ್ಲ.’ ಆ ಒಂದು ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದೊಂದಕ್ಕೂ ಪರಿಹಾರ ಬೇರೆ.

ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೋ (ಕೋಡ್ ಬರೆದು ತಂತ್ರಾಂಶ ತಯಾರು ಮಾಡುವ ಸಾಧನ) ತೋರಿಸುವ ದೋಷಸಂಖ್ಯೆಗಳನ್ನೇ ನೋಡಿ. ‘ಸಿ 1083’ ಬಂದರೆ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರಿಗೆ ಒಂದು ಹೆಡರ್ ಕಡತ (ಕೋಡ್ ಬಳಸುವ ಹೆಸರುಗಳ ಘೋಷಣೆ ಇರುವ ಕಡತ) ತೆರೆಯಲು ಆಗಿಲ್ಲ ಅಂತ ಅರ್ಥ. ‘ಎಲ್‌ಎನ್‌ಕೆ 2019’ ಬಂದರೆ ಕಂಪೈಲ್ ಮುಗಿದಿದೆ, ಆದರೆ ಕೋಡ್ ಕರೆಯುವ ಒಂದು ಹೆಸರು ತುಣುಕುಗಳನ್ನು ಜೋಡಿಸುವ ಲಿಂಕರಿಗೆ ಯಾವ ಲೈಬ್ರರಿಯಲ್ಲೂ (ಸಿದ್ಧ ಕೋಡಿನ ಸಂಗ್ರಹದಲ್ಲೂ) ಸಿಕ್ಕಿಲ್ಲ ಅಂತ ಅರ್ಥ. ಎರಡೂ ದಾಟಿ ತಂತ್ರಾಂಶ ತಯಾರಾದ ಮೇಲೂ, ಓಡಿಸಿದ ಕೂಡಲೇ ‘ಡಿಎಲ್‌ಎಲ್ ಸಿಗಲಿಲ್ಲ’ ಅಂತ ಕಿಟಕಿ ಬರಬಹುದು; ಡಿಎಲ್‌ಎಲ್ ಅಂದರೆ ತಂತ್ರಾಂಶದ ಹೊರಗೇ ಇರುವ ಲೈಬ್ರರಿ ಕಡತ. ಮೈಕ್ರೋಸಾಫ್ಟ್ ಎಂಪಿಐ (ಒಂದೇ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಲು ನೆರವಾಗುವ ಲೈಬ್ರರಿ) ಬಳಸುವವರು ಇದನ್ನು ಚೆನ್ನಾಗಿ ಬಲ್ಲರು. ಅದು ಎರಡು ಕಡತಗಳಾಗಿ ಸಿಗುತ್ತದೆ. ಒಂದು ಕಂಪೈಲ್ ಮಾಡಲು ಬೇಕಾದ್ದು, ಇನ್ನೊಂದು ಓಡಿಸಲು ಬೇಕಾದ್ದು. ಮೊದಲನೆಯದನ್ನಷ್ಟೇ ಹಾಕಿಕೊಂಡರೆ ಲ್ಯಾಂಪ್ಸ್ ತಯಾರಾಗುತ್ತದೆ, ಓಡುವುದಿಲ್ಲ. ಇಂಥ ಕಡೆ ಕೈಪಿಡಿ ಬರೆಯುವವನ ಹತ್ತಿರ ಖಚಿತವಾದ ಕ್ರಿಯಾಪದಗಳು ಇರಲೇಬೇಕು, ಅಲ್ವಾ?

ಈಗ ಒಂದೊಂದೇ ಪದಕ್ಕೆ ಬರುತ್ತೇನೆ.

ಕಂಪೈಲ್‌ಗೆ ‘ಸಂಕಲಿಸು’, ಕಂಪೈಲರ್‌ಗೆ ‘ಸಂಕಲಕ’ ಅನ್ನುವುದುಂಟು. ಆದರೆ ‘ಸಂಕಲನ’ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಶಾಲೆಯ ಸಂಕಲನ–ವ್ಯವಕಲನ, ಕವನ ಸಂಕಲನ, ಸಿನಿಮಾದ ಸಂಕಲನಕಾರ. ಎಲ್ಲದರಲ್ಲೂ ಇರುವುದು ಒಟ್ಟುಗೂಡಿಸುವ ಅರ್ಥ. ಇಂದಿನ ಕಂಪೈಲರ್ ಮುಖ್ಯವಾಗಿ ಮಾಡುವುದು ಆ ಕೆಲಸವಲ್ಲ. ಅದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. 1952ರ ಹೊತ್ತಿಗೆ ಯುನಿವ್ಯಾಕ್ ಎಂಬ ಕಂಪ್ಯೂಟರಿಗಾಗಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ‘ಎ–0’ ಎಂಬ ಕಂಪೈಲರ್ ಮಾಡಿದರು. ಪ್ರತಿ ಸಬ್‌ರೂಟೀನಿಗೂ (ಮೊದಲೇ ಬರೆದಿಟ್ಟ ಕೋಡಿನ ತುಣುಕಿಗೂ) ಒಂದು ಕರೆಸಂಖ್ಯೆ ಇರುತ್ತಿತ್ತು. ಬೇಕಾದ ಸಂಖ್ಯೆಗಳನ್ನು ಸಾಲಾಗಿ ಕೊಟ್ಟರೆ ಎ–0 ಆ ತುಣುಕುಗಳನ್ನು ಟೇಪಿನಿಂದ ಹೆಕ್ಕಿ ತಂದು ಒಂದೇ ಪ್ರೋಗ್ರಾಮಾಗಿ ಜೋಡಿಸುತ್ತಿತ್ತು. ಅಂದರೆ ಅದು ನಿಜಕ್ಕೂ ಸಂಕಲನವೇ. ಆದರೆ ಹೆಕ್ಕಿ ಜೋಡಿಸುವ ಆ ಕೆಲಸ ಇಂದು ಲಿಂಕರಿನದು! ಹಾಗಾಗಿ ‘ಸಂಕಲನ’ ತಪ್ಪು ಪದ ಅಂತ ನಾನು ಹೇಳುವುದಿಲ್ಲ. ಹಳೆಯ ಅರ್ಥಕ್ಕೆ ಸರಿಯಾದ ಪದ ಅದು, ಈಗ ಪಕ್ಕದ ಹೆಜ್ಜೆಗೆ ಹೊಂದುತ್ತದೆ. ಹೊಸಬನಿಗೆ ಇದರಿಂದ ಗೊಂದಲ ಜಾಸ್ತಿ. ‘ಅನುವಾದಿಸು’ ಅಂದರೆ ತಂತ್ರಾಂಶವನ್ನೇ ಕನ್ನಡಕ್ಕೆ ತಂದಂತೆ ಕೇಳುತ್ತದೆ. ಸದ್ಯಕ್ಕೆ ‘ಕಂಪೈಲ್ ಮಾಡು’ ಅಂತಲೇ ಇಟ್ಟುಕೊಂಡಿದ್ದೇನೆ.

ಲಿಂಕ್‌ಗೆ ‘ಕೊಂಡಿ’ ಜಾಲತಾಣಗಳಿಂದಾಗಿ ಎಲ್ಲರಿಗೂ ಗೊತ್ತು. ನನಗೆ ಹೊಳೆದದ್ದು ‘ಬೆಸೆ’. ಲೈಬ್ರರಿಯ ಕೋಡನ್ನು ತಂತ್ರಾಂಶದ ಒಳಗೇ ಸೇರಿಸಿಬಿಡುವ ಕಡೆ ಇದು ಚೆನ್ನಾಗಿ ಕೂರುತ್ತದೆ, ಬೆಸೆದ ಮೇಲೆ ಬಿಡಿಸಲಾಗದು ಅನ್ನುವ ಅರ್ಥವೂ ಬರುತ್ತದೆ. ಡಿಎಲ್‌ಎಲ್ ಹಾಗಲ್ಲ. ಅದು ಹೊರಗೇ ಇದ್ದು, ಓಡಿಸುವ ಹೊತ್ತಿಗೆ ಬಂದು ಸೇರುತ್ತದೆ. ಅದಕ್ಕೆ ‘ಕೊಂಡಿ ಹಾಕು’ ಅನ್ನಬಹುದೇ? ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡು ಕ್ರಿಯಾಪದ ಸಿಕ್ಕರೆ, ಡಿಎಲ್‌ಎಲ್ ಯಾಕೆ ಕಾಣೆಯಾಗುತ್ತದೆ ಅಂತ ವಿವರಿಸುವುದು ಬಹಳ ಸುಲಭವಾಗುತ್ತದೆ.

ಬಿಲ್ಡ್‌ಗೆ ‘ಕಟ್ಟು’ ಬಿಟ್ಟು ಬೇರೆ ಯೋಚನೆಯೇ ಬೇಡ ಅನಿಸುತ್ತದೆ. ಮನೆ ಕಟ್ಟುತ್ತೇವೆ, ಹೂಮಾಲೆ ಕಟ್ಟುತ್ತೇವೆ, ಸಂಘ ಕಟ್ಟುತ್ತೇವೆ, ಪದ ಕಟ್ಟಿ ಹಾಡುತ್ತೇವೆ. ಕಂಪೈಲ್, ಲಿಂಕ್ ಎರಡೂ ಸೇರಿದ ಇಡೀ ಕೆಲಸಕ್ಕೆ ಅದು ಸಾಕು. ತೊಡಕಿರುವುದು ನಾಮಪದದಲ್ಲಿ. ‘ನಿನ್ನೆಯ ಬಿಲ್ಡ್’ ಅನ್ನಲು ಏನು ಹೇಳಬೇಕು? ‘ಕಟ್ಟಡ’ ಆಗದು. ‘ಕಟ್ಟೋಣ’ ಅನ್ನುವ ಒಳ್ಳೆಯ ಪದವಿದೆ, ಆದರೆ ‘ಬನ್ನಿ ಕಟ್ಟೋಣ’ ಅನ್ನುವ ಅರ್ಥವೇ ಮೊದಲು ಕಿವಿಗೆ ಬೀಳುತ್ತದೆ.

ಇನ್‌ಸ್ಟಾಲ್‌ಗೆ ‘ಸ್ಥಾಪಿಸು’ ಅಂತ ಹಲವು ಕಡೆ ಕಾಣುತ್ತದೆ. ಸಂಸ್ಥೆ ಸ್ಥಾಪಿಸುವುದು, ಪ್ರತಿಮೆ ಸ್ಥಾಪಿಸುವುದು ಸರಿ. ಮೀಟರನ್ನೋ ಕ್ಯಾಮೆರಾವನ್ನೋ ನಾವು ‘ಅಳವಡಿಸುತ್ತೇವೆ’. ತಯಾರಾದ ಕಡತಗಳನ್ನು ಅವುಗಳ ಜಾಗಕ್ಕೆ ಹಾಕಿ, ಬಳಸಲು ಸಿದ್ಧ ಮಾಡುವುದಕ್ಕೆ ಇದೇ ಹತ್ತಿರದ ಮಾತು. ಲ್ಯಾಂಪ್ಸ್‌ಗೆ ವಿಂಡೋಸಿನಲ್ಲಿ ಸಿದ್ಧ ಇನ್‌ಸ್ಟಾಲರ್ ಕೂಡ ಸಿಗುತ್ತದೆ. ಅದನ್ನು ಬಳಸುವವರು ಅಳವಡಿಸಿದರೆ ಸಾಕು, ಕಟ್ಟುವ ಕೆಲಸವಿಲ್ಲ. ಈ ಎರಡು ಪದ ಬೇರೆಯಾದರೆ ಎರಡು ದಾರಿಗಳೂ ತಾವಾಗಿಯೇ ಬೇರೆಯಾಗಿ ಕಾಣುತ್ತವೆ.

ಲ್ಯಾಂಪ್ಸ್ ಲೆಕ್ಕ ಹಾಕಿ ಚಲನೆ ತೋರಿಸುವ ಕೆಲಸಕ್ಕೆ ಇರುವ ಸಿಮ್ಯುಲೇಷನ್ ಪದವನ್ನು ಹಾಗೇ ಬಿಟ್ಟಿದ್ದೇನೆ. ‘ಅಣಕು’ ಅಂದರೆ ಗೇಲಿಯ ಛಾಯೆ ಬರುತ್ತದೆ, ‘ಅನುಕರಣೆ’ಯಲ್ಲಿ ಲೆಕ್ಕದ ಸುಳಿವೇ ಇಲ್ಲ.

ಹೀಗೆ ಬರೆದರೆ ಒಂದು ಭಾಗ ಹೇಗಿರುತ್ತದೆ ನೋಡಿ: ‘ಮೊದಲು ಸಿಮೇಕ್ (ಕಟ್ಟುವ ಮುಂಚಿನ ಸಿದ್ಧತೆ ಮಾಡಿಕೊಡುವ ಸಾಧನ) ಓಡಿಸಿ ಹೊಂದಿಸಿಕೊಳ್ಳಿ. ನಂತರ ಕಟ್ಟಿ. ಎಲ್‌ಎನ್‌ಕೆ ಎಂದು ಶುರುವಾಗುವ ದೋಷ ಬಂದರೆ ಬೆಸೆಯುವ ಹಂತದಲ್ಲಿ ನಿಂತಿದೆ ಎಂದು ತಿಳಿಯಿರಿ. ಕಟ್ಟಿದ ಮೇಲೆ ಅಳವಡಿಸಿ. ಕೊನೆಗೆ ಲ್ಯಾಂಪ್ಸ್ ಜೊತೆಗೇ ಬರುವ ‘ಮೆಲ್ಟ್’ ಎಂಬ ಉದಾಹರಣೆಯನ್ನು ಓಡಿಸಿ. 4000 ಪರಮಾಣುಗಳು, 250 ಹೆಜ್ಜೆ ಎಂದು ಲಾಗ್ ಕಡತದಲ್ಲಿ ಕಂಡರೆ ಎಲ್ಲವೂ ಸರಿಯಾಗಿದೆ.’

ನನಗೆ ಬೇಕಿರುವುದು ಮೂರು ಉತ್ತರ. ಬಿಲ್ಡ್‌ಗೆ ಒಪ್ಪುವ ನಾಮಪದ ಯಾವುದು? ‘ಬೆಸೆ’ ಮತ್ತು ‘ಕೊಂಡಿ ಹಾಕು’ ಅಂತ ಲಿಂಕ್ ಅನ್ನು ಎರಡು ಮಾಡುವುದು ನಿಮಗೆ ಸರಿ ಕಾಣುತ್ತದೆಯೇ? ಕಂಪೈಲ್‌ಗೆ ನಿಮ್ಮ ಊರಿನ ಕಡೆ, ನಿಮ್ಮ ಲ್ಯಾಬಿನಲ್ಲಿ ಯಾರಾದರೂ ಬೇರೆ ಮಾತು ಬಳಸುತ್ತಾರೆಯೇ? ಪಾಠ ಹೇಳುವಾಗ ಬಾಯಲ್ಲಿ ಬರುವ ಮಾತಾದರೆ ಇನ್ನೂ ಒಳ್ಳೆಯದು, ದಯವಿಟ್ಟು ವಾಕ್ಯದ ಸಮೇತ ಬರೆಯಿರಿ.