ಈಮ್ಯಾಕ್ಸ್ ಎಸ್‌ವಿಜಿ ಬಾರ್ ಚಾರ್ಟ್: ಅಂಕಿ ಏರಿಸಿದರೆ ಪಟ್ಟಿ ಏರುತ್ತೆ, ಇಳಿಸಿದರೆ ಇಳಿಯಲ್ಲ!

ಗೆರೆಪಟ್ಟಿ:
ನಮಸ್ಕಾರ. ಈಮ್ಯಾಕ್ಸ್ (ಟೆಕ್ಸ್ಟ್ ಎಡಿಟರ್) 29, ಲಿನಕ್ಸ್. ದಿನಕ್ಕೆ ಎಷ್ಟು ಪದ ಬರೆದೆ ಅಂತ ಒಂದು ಫೈಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಅದನ್ನು ಓದಿ ಏಳು ದಿನದ ಬಾರ್ ಚಾರ್ಟನ್ನು ಎಸ್‌ವಿಜಿ (ಒಂದು ಚಿತ್ರದ ಫಾರ್ಮ್ಯಾಟ್) ಆಗಿ ಬಿಡಿಸುವ ಪುಟ್ಟ ಫಂಕ್ಷನ್ ಮಾಡಿಕೊಂಡೆ. 10 ಪದಕ್ಕೆ 1 ಪಿಕ್ಸೆಲ್, ಎಲ್ಲ ಪಟ್ಟಿಗೂ ನೀಲಿ ಬಣ್ಣ.

ಮಂಗಳವಾರದ 500 ಪದವನ್ನು ತಪ್ಪಿ 1500 ಅಂತ ಹಾಕಿದ್ದೆ. ತಿದ್ದಿ ಮತ್ತೆ ಓಡಿಸಿದೆ. ಪಟ್ಟಿ 150 ಪಿಕ್ಸೆಲ್‌ನಲ್ಲೇ ನಿಂತಿದೆ, 50ಕ್ಕೆ ಇಳಿಯಲೇ ಇಲ್ಲ. ತಮಾಷೆ ಅಂದ್ರೆ, ಬುಧವಾರದ್ದನ್ನು 300ರಿಂದ 900ಕ್ಕೆ ಏರಿಸಿದರೆ ತಕ್ಷಣ ಏರುತ್ತದೆ. ಕೋಡ್ ಇರುವ ಇಡೀ ಬಫರ್ (ಈಮ್ಯಾಕ್ಸ್ ಒಳಗೆ ತೆರೆದಿರುವ ಪಠ್ಯ) ಇವ್ಯಾಲ್ಯುಯೇಟ್ ಮಾಡಿದರೂ, ಅಂದ್ರೆ ಪೂರ್ತಿ ಮತ್ತೆ ಓಡಿಸಿದರೂ, ಅದೇ ಕಥೆ. ಈಮ್ಯಾಕ್ಸ್ ಮುಚ್ಚಿ ತೆಗೆದರೆ ಮಾತ್ರ ಸರಿಯಾಗುತ್ತದೆ.

ಕೋಡ್ ಇಷ್ಟೇ: ಮೇಲೆ ಒಂದು ಡೆಫ್‌ವಾರ್ (ವೇರಿಯಬಲ್ ಘೋಷಣೆ), ಅದರಲ್ಲಿ ಖಾಲಿ ಚಿತ್ರ ಮಾಡುವ ಎಸ್‌ವಿಜಿ-ಕ್ರಿಯೇಟ್ 400 200. ಚಿತ್ರವನ್ನು ಬಫರ್‌ಗೆ ಹಾಕುವ ಎಸ್‌ವಿಜಿ-ಇನ್ಸರ್ಟ್-ಇಮೇಜ್ ಒಂದೇ ಸಲ ಕರೆದಿದ್ದೇನೆ. ಫಂಕ್ಷನ್ ಒಳಗೆ ದಿನಕ್ಕೊಂದರಂತೆ ಪಟ್ಟಿ ಬಿಡಿಸುವ ಎಸ್‌ವಿಜಿ-ರೆಕ್ಟ್ಯಾಂಗಲ್.

ಬಫರ್_ಬೈರಾಗಿ:
ಇಮೇಜ್ ಕ್ಯಾಶ್ (ಈಮ್ಯಾಕ್ಸ್ ಉಳಿಸಿಟ್ಟುಕೊಂಡ ಹಳೇ ಚಿತ್ರ) ಇರಬೇಕು. ಕ್ಲಿಯರ್-ಇಮೇಜ್-ಕ್ಯಾಶ್ ಓಡಿಸಿ ನೋಡಿ.

ಗೆರೆಪಟ್ಟಿ:
ಓಡಿಸಿದೆ. ಏನೂ ಬದಲಾಗಲಿಲ್ಲ.

ಕಂಸಕಾಟ:
ಕ್ಯಾಶ್ ಆಗಿದ್ದರೆ ಏರುವುದೂ ನಿಲ್ಲಬೇಕಿತ್ತು, ಅಲ್ವಾ? ಏರುವುದು ಕಾಣುತ್ತಿದೆ ಅಂದಮೇಲೆ ಹೊಸ ಚಿತ್ರವೇ ಬರುತ್ತಿದೆ. ಊಹೆ ಬೇಡ, ಒಳಗೆ ಏನಿದೆ ಓದೋಣ. ಎಸ್‌ವಿಜಿ ಅಂದ್ರೆ ಬರೀ ಟೆಕ್ಸ್ಟ್ ತಾನೇ. ಸ್ಕ್ರ್ಯಾಚ್ ಬಫರ್‌ಗೆ ಹೋಗಿ, ನಿಮ್ಮ ಆಬ್ಜೆಕ್ಟ್ ಕೊಟ್ಟು ಎಸ್‌ವಿಜಿ-ಪ್ರಿಂಟ್ ಓಡಿಸಿ. ಕರ್ಸರ್ ಇದ್ದಲ್ಲೇ ಪೂರ್ತಿ ಎಕ್ಸ್‌ಎಂಎಲ್ ಸುರಿಯುತ್ತದೆ. ಅದರಲ್ಲಿ ರೆಕ್ಟ್, ಅಂದ್ರೆ ಪಟ್ಟಿ, ಎಷ್ಟಿವೆ ಎಣಿಸಿ ಹೇಳಿ.

ಗೆರೆಪಟ್ಟಿ:
35! ಇರಬೇಕಾದ್ದು 7. ಮಂಗಳವಾರದ ಜಾಗದಲ್ಲಿ, ಅಂದ್ರೆ ಎಕ್ಸ್ 60ರಲ್ಲಿ, ಐದು ಇವೆ. ಮೊದಲ ಎರಡರ ಎತ್ತರ 150, ಉಳಿದ ಮೂರರದ್ದು 50.

ಕಂಸಕಾಟ:
ಐದು ಸಲ ಓಡಿಸಿದ್ದೀರಿ, ಐದು ಪದರ ಕೂತಿದೆ. 50ರ ಪಟ್ಟಿ ಬಂದೇ ಬಂದಿದೆ. ಆದರೆ ಹಳೇ 150ರ ಪಟ್ಟಿಯ ಮೇಲೆ, ಅದೇ ನೀಲಿಯಲ್ಲಿ. ಕಣ್ಣಿಗೆ ಹೇಗೆ ಗೊತ್ತಾಗಬೇಕು? ಏರಿಸಿದಾಗ ಹೊಸದು ಹಳೇದನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಸರಿ ಅನಿಸುತ್ತದೆ. ಅನುಮಾನ ಇದ್ದರೆ ಹೊಸ ಪಟ್ಟಿಗೆ ಕೆಂಪು ಕೊಟ್ಟು ಒಮ್ಮೆ ಓಡಿಸಿ. ನೀಲಿಯ ಬುಡದಲ್ಲಿ ಕೆಂಪು ಕಾಣುತ್ತದೆ.

ಎಸ್‌ವಿಜಿ-ರೆಕ್ಟ್ಯಾಂಗಲ್ ಸುಮ್ನೆ ಒಂದು ನೋಡ್ (ಚಿತ್ರದ ಒಂದು ತುಂಡು) ಸೇರಿಸುತ್ತದೆ, ಹಳೇದನ್ನು ಅಳಿಸುವುದಿಲ್ಲ. ಅದಕ್ಕೊಂದು ಐಡಿ (ಗುರುತಿನ ಹೆಸರು) ಕೊಟ್ಟರೆ ಲೆಕ್ಕವೇ ಬೇರೆ: ಅದೇ ಐಡಿಯ ನೋಡ್ ಮೊದಲೇ ಇದ್ದರೆ ಅದನ್ನೇ ತಿದ್ದುತ್ತದೆ. ಪ್ರತಿ ದಿನಕ್ಕೂ ಒಂದು ಐಡಿ ಕೊಡಿ. ಎಸ್‌ವಿಜಿ-ಇನ್ಸರ್ಟ್-ಇಮೇಜ್ ಬಳಸಿದ್ದೀರಲ್ಲ, ಬಫರ್‌ನಲ್ಲಿರುವ ಚಿತ್ರ ತಾನಾಗಿಯೇ ಹೊಸದಾಗುತ್ತದೆ.

ಇನ್ನು ಬಫರ್ ಇವ್ಯಾಲ್ಯುಯೇಟ್ ಮಾಡಿದರೂ ಯಾಕೆ ಹೋಗಲಿಲ್ಲ ಅಂದರೆ, ಡೆಫ್‌ವಾರ್. ವೇರಿಯಬಲ್‌ಗೆ ಒಮ್ಮೆ ಬೆಲೆ ಬಂದಮೇಲೆ ಅದು ಮತ್ತೆ ಮುಟ್ಟುವುದಿಲ್ಲ. ಅದೇ ಹಳೇ ಆಬ್ಜೆಕ್ಟ್, ಅದರ ಮೇಲೇ ಮತ್ತೆ ಏಳು ಪಟ್ಟಿ. ನಾನೂ ಇದರಲ್ಲಿ ಒಂದು ಇಡೀ ಸಂಜೆ ಕಳೆದಿದ್ದೇನೆ.

ಗೆರೆಪಟ್ಟಿ:
ಕೆಂಪು ಕಂಡಿತು ಸರ್ 😀 ಆದರೆ ಐಡಿ ಹಾಕಿದ ಕೂಡಲೇ ಎರರ್: ರಾಂಗ್-ಟೈಪ್-ಆರ್ಗ್ಯುಮೆಂಟ್, ಸ್ಟ್ರಿಂಗ್‌ಪಿ, 1.

ಕಂಸಕಾಟ:
ಐಡಿಗೆ ನಂಬರ್ ಕೊಟ್ಟಿದ್ದೀರಿ. ಅದಕ್ಕೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಬೇಕು. ಫಾರ್ಮ್ಯಾಟ್ ಬಳಸಿ ಅಂಕಿಯ ಮುಂದೆ ಯಾವುದಾದರೂ ಪದ ಅಂಟಿಸಿ.

ಬಫರ್_ಬೈರಾಗಿ:
ಕ್ಯಾಶ್ ಅಂದಿದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಏಳೇ ಪಟ್ಟಿಗೆ ಐಡಿ ಸಾಕುವ ಗೋಜು ಯಾಕೆ? ಡೆಫ್‌ವಾರ್ ತೆಗೆದು, ಫಂಕ್ಷನ್ ಒಳಗೆ ಲೆಟ್‌ನಲ್ಲಿ (ಅಲ್ಲಿಗಷ್ಟೇ ಸೀಮಿತವಾದ ವೇರಿಯಬಲ್) ಪ್ರತಿ ಸಲ ಹೊಸ ಆಬ್ಜೆಕ್ಟ್ ಮಾಡಿ. ಚಾರ್ಟ್‌ಗೆ ಒಂದು ಬೇರೆ ಬಫರ್ ಇಟ್ಟು, ಅಳಿಸಿ ಮತ್ತೆ ಬಿಡಿಸಿ. ಐಡಿ ದಾರಿಯಲ್ಲಿ ನಾಳೆ ಏಳು ದಿನ ಐದಾದರೆ, ಉಳಿದ ಎರಡು ಪಟ್ಟಿಯನ್ನು ಎಸ್‌ವಿಜಿ-ರಿಮೂವ್ ಹಾಕಿ ನೀವೇ ತೆಗೆಯಬೇಕು.

ಕಂಸಕಾಟ:
ಇದು ಸರಿ. ಚಿತ್ರದ ಒಂದು ತುಂಡು ಮಾತ್ರ ಪದೇ ಪದೇ ಬದಲಾಗುವಾಗ ಐಡಿ ಚೆನ್ನ. ಇಲ್ಲಿ ಬೈರಾಗಿಯವರ ದಾರಿಯೇ ಸಲೀಸು.

ಗೆರೆಪಟ್ಟಿ:
ಲೆಟ್ ಹಾಕಿದೆ, ಪಟ್ಟಿ ಏರುತ್ತೆ, ಇಳಿಯುತ್ತೆ. ಕೊನೇದು ಒಂದೇ ಒಂದು. ಮೇಲೆ ಎಡಮೂಲೆಯಲ್ಲಿ ‘ಮೊತ್ತ’ ಅಂತ ಬರೆಸಿದ್ದೇನೆ, ಎಸ್‌ವಿಜಿ-ಟೆಕ್ಸ್ಟ್, ಅಕ್ಷರದ ಗಾತ್ರ 16, ಎಕ್ಸ್ 10, ವೈ 0. ಪದ ಕಾಣುತ್ತಿಲ್ಲ. ಅಂಚಿನಲ್ಲಿ ಸಣ್ಣ ಕೊಕ್ಕೆಯಂಥದ್ದು ಒಂದು ಇದೆ, ಅಷ್ಟೇ. ಪ್ರಿಂಟ್ ಮಾಡಿ ನೋಡಿದರೆ ಅಕ್ಷರಗಳ ಬದಲು 3246, 3274, 3236 ಅಂತ ಅಂಕಿಗಳಿವೆ. ಎನ್‌ಕೋಡಿಂಗ್ ಕೆಟ್ಟಿದೆಯಾ?

ಕಂಸಕಾಟ:
ಅಂಕಿಗಳು ಸರಿಯಾಗಿಯೇ ಇವೆ. 3246 ಅಂದರೆ ‘ಮ’ದ ಯೂನಿಕೋಡ್ ಸಂಖ್ಯೆ. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಪಟ್ಟಿ) ಅಲ್ಲದ ಅಕ್ಷರಗಳನ್ನೆಲ್ಲ ಎಸ್‌ವಿಜಿ-ಟೆಕ್ಸ್ಟ್ ತಾನೇ ಹೀಗೆ ಬದಲಿಸಿ ಕೊಡುತ್ತದೆ.

ತೊಂದರೆ ಇರುವುದು ವೈ 0ಯಲ್ಲಿ. ಪಟ್ಟಿಗೆ ವೈ ಅಂದರೆ ಮೇಲಿನ ಅಂಚು, ಅಕ್ಷರಕ್ಕೆ ವೈ ಅಂದರೆ ಅದು ಕೂರುವ ಗೆರೆ. ಗೆರೆಯೇ ಚಿತ್ರದ ತುದಿಯಲ್ಲಿದ್ದರೆ ಪದವೆಲ್ಲ ಆಚೆಗೆ ಹೋಗುತ್ತದೆ, ಗೆರೆಯ ಕೆಳಗೆ ನೇತಾಡುವುದಷ್ಟೇ ಉಳಿಯುತ್ತದೆ. ನಿಮಗೆ ಕಂಡ ಕೊಕ್ಕೆ ‘ತ್ತ’ದ ಒತ್ತು. ‘ಒಟ್ಟು’ ಅಂತ ಬರೆದಿದ್ದರೆ ‘ಟ’ದ ಒತ್ತು ಕಾಣುತ್ತಿತ್ತು. ‘ಸರಾಸರಿ’ ಅಂತ ಬರೆದಿದ್ದರೆ ಏನೂ ಕಾಣದೆ ಇನ್ನೂ ಜಾಸ್ತಿ ತಲೆ ಕೆಡುತ್ತಿತ್ತು. ವೈ 20 ಕೊಡಿ.

ಗೆರೆಪಟ್ಟಿ:
ಬಂತು, ತಲೆಕಟ್ಟಿನ ಸಮೇತ. ಮಂಗಳವಾರದ ನಿಜವಾದ 500 ಈಗ ಎಲ್ಲರಿಗಿಂತ ಗಿಡ್ಡ.